ಮಧ್ಯಾಹ್ನದೊಳಗೆ ಮುದುಡುವ ಹೂ

ಹಲೋ… ಹಲೋ? ಯಾರು ಮಾತಾಡ್ತಿರೋದು?…

ಹಾಂ? ಸ್ವಲ್ಪ ಜೋರಾಗಿ ಹೇಳಿ, ಕೇಳಿಸ್ತಿಲ್ಲ. ಫ್ರಿಜ್ ರಿಪೇರಿನಾ? ಇವತ್ತು ರಜಾ ಹಾಕಿದೀನಿ ಅಮ್ಮಾ, ಮನೇಲಿ ಆಸ್ಪತ್ರೆ ಓಡಾಟ. ನಾಳಿದ್ದು ಫೋನ್ ಮಾಡಿ. ಅಲ್ಲೀತನಕ ಹಾಲು ಮೊಸರು ಎಲ್ಲಾ ಪಕ್ಕದ ಮನೆ ಫ್ರಿಜ್ಜಿನಲ್ಲಿ ಇಟ್ಟು…

ಯಾರು? ಅತ್ತೆ?… ಯಾರ ಅತ್ತೆ?…

ಅಯ್ಯಯ್ಯೋ, ನಮ್ಮತ್ತೆನಾ! ನೀವಾ! ತಪ್ಪು ತಿಳ್ಕೋಬೇಡಿ ಅತ್ತೆ, ಗೊತ್ತೇ ಆಗ್ಲಿಲ್ಲ. ನಂಬರು ಬೇರೆ ಹೊಸದು. ಅಲ್ಲ, ಫೋನಿನಲ್ಲಿ ನಿಮ್ಮ ದನಿ ಹೇಗಿರುತ್ತೆ ಅಂತ ನನಗೆ ಹೇಗೆ ಗೊತ್ತಾಗ್ಬೇಕು ಹೇಳಿ? ಮದುವೆಯಾಗಿ ಇಷ್ಟು ವರ್ಷದಲ್ಲಿ ಒಂದು ಸಲನಾದ್ರೂ ನೀವಾಗಿ ನನಗೆ ಫೋನ್ ಮಾಡಿದ್ದುಂಟಾ? ಒಂದೇ ಮನೇಲಿದ್ರೂ 'ಅವರದ್ದು ಊಟ ಆಯ್ತಾ ಕೇಳು', 'ಅವರಿಗೆ ಗೇಟು ಹಾಕೋಕೆ ಹೇಳು', ಎಲ್ಲಾ ನಿಮ್ಮ ಮಗಳ ಬಾಯಿಂದಾನೇ ಬರ್ಬೇಕು…

ಇರಿ, ಇರಿ. ಏನಾಯ್ತು ಮೊದಲು ಹೇಳಿ. ಅವಳೆಲ್ಲಿ? ಆಪರೇಷನ್‌ದು ಏನಾದ್ರೂ ಹೆಚ್ಚುಕಡಿಮೆ…

ಹಾಂ. ಹಾಂ. ಇನ್ನೂ ಒಳಗೆ ಕರ್ಕೊಂಡು ಹೋಗಿಲ್ಲ. ಅವಳು ಔಷಧಿ ತರೋಕೆ ಕೆಳಗೆ ಹೋಗಿದಾಳೆ. ಇದು ಸಿಸ್ಟರ್ ಫೋನು. ಸರಿ ಸರಿ. ಈಗ ಉಸಿರು ಬಂತು ನನಗೆ. ಎದೆ ಆಪರೇಷನ್ ನಿಮಗೆ, ಡವಡವ ಅಂತಿರೋದು ನಂದು. ಧೈರ್ಯವಾಗಿರಿ ಅತ್ತೆ. ಆ ಡಾಕ್ಟ್ರಿಗೆ ಇದೆಲ್ಲ ದಿನನಿತ್ಯದ ಕೆಲಸ. ನಾವು ಕಂಪ್ರೆಸರ್ ಬದಲಾಯಿಸಿದ ಹಾಗೆ ಅವರು ಹೃದಯದ ಕವಾಟ…

ಆ ವಿಷಯ ಬೇಡ್ವಾ? ಸರಿ, ಬೇಡ. ಬಿಟ್ಟೆ. ಮತ್ತೇನು?…

ಹೂವಾ?… ಯಾವ ಹೂವು?… ಅಲ್ಲ ಅತ್ತೆ, ಇನ್ನೇನು ಸ್ಟ್ರೆಚರ್ ಬರೋ ಹೊತ್ತಿನಲ್ಲಿ ಹೂವಿನ ಮಾತಾ?…

ಬೈಬೇಡಿ, ಹೋಗ್ತಿದೀನಿ. ಹಿಂದಿನ ವರಾಂಡ ತಾನೆ? ಚಪ್ಪಲಿ ಹಾಕ್ಕೊಳ್ಳೋಕಾದ್ರೂ ಬಿಡಿ… ಬಂದೆ. ಯಾವುದು? ಇಲ್ಲಿ ನಿಮ್ಮ ಸೈನ್ಯಾನೇ ನಿಂತಿದೆಯಲ್ಲ…

ಬಳ್ಳಿ. ಈ ಬಾಟಲಿ ನೀರಿನಲ್ಲಿ ಇರೋದಾ? ಅಲ್ವಾ? ಅದು ಮನಿ ಪ್ಲಾಂಟಾ? ಮತ್ತೆ?… ಎಲೆ ದಪ್ಪ, ನಾಲಿಗೆ ಥರ ಉದ್ದ. ಹಾಂ. ಕಾಂಡ ಗೆಣ್ಣುಗೆಣ್ಣಿಗೂ ಒಂದ್ಸಲ ಆ ಕಡೆ, ಒಂದ್ಸಲ ಈ ಕಡೆ ಸೊಟ್ಟ. ಗೆಣ್ಣಿನಿಂದ ಬೇರು ಹೊರಟು ಹಲಗೆ ಕಚ್ಕೊಂಡಿರುತ್ತೆ… ಓ, ಇದಾ! ಇದೂ ಮನಿ ಪ್ಲಾಂಟೇ ಅಲ್ವಾ? ನಾನು ಇಷ್ಟು ದಿನ ದೊಡ್ಡ ಜಾತಿದು ಅಂದ್ಕೊಂಡು ಇದರ ಮೇಲೆ ಕಾಲುಚೀಲ ಒಣಹಾಕ್ತಿದ್ದೆ…

ಇಲ್ಲ ಇಲ್ಲ, ಈಗ ಒಂದೂ ಇಲ್ಲ. ಒಂದಿತ್ತು, ತೆಗೆದೆ…

ಏನಂದ್ರಿ? ವೆನಿಲಾ? ಐಸ್‌ಕ್ರೀಮಿನ ವೆನಿಲಾನಾ?… ಅದು ಬಳ್ಳಿಲಿ ಬಿಡುತ್ತಾ! ನಾನು ಅದೇನೋ ಬಾಟಲಿಲೇ ಹುಟ್ಟೋದು ಅಂದ್ಕೊಂಡಿದ್ದೆ. ನಿಮ್ಮ ಬೇಕರಿ ಕಪಾಟಿನಲ್ಲಿ ಇರೋದೆಲ್ಲ ಬಾಟಲೀನೇ ಅಲ್ವಾ?…

ಹಾಂ… ಹಾಂ… ಬರೀ ವಾಸನೆ. ಫ್ಯಾಕ್ಟರೀದು… ಅಲ್ಲ ಅತ್ತೆ, ಇಷ್ಟು ವರ್ಷ ಗಾಜಿನ ಮೇಲೆ 'ವೆನಿಲಾ ಕೇಕ್' ಅಂತ ದಪ್ಪಕ್ಷರದಲ್ಲಿ ಬರೆಸಿ, ನೀವೇ ಒಂದು ವೆನಿಲಾ ಕಾಯಿ ಮುಖ ನೋಡಿಲ್ವಾ?…

ಸುಮ್ನೆ ಕೇಳ್ದೆ ಅತ್ತೆ, ಹಂಗಿಸ್ತಿಲ್ಲ. ನಾನೂ ಎಷ್ಟೋ ಫ್ರಿಜ್ ರಿಪೇರಿ ಮಾಡಿದೀನಿ, ಹಿಮ ಬೀಳೋದನ್ನ ಎಲ್ಲಿ ನೋಡಿದೀನಿ?… ಅರ್ಥ ಆಯ್ತು. ಒಂದೇ ಒಂದು ಸಲ ಮನೆ ಕಾಯಿ ಹಾಕಿ ಕೇಕು ಮಾಡ್ಬೇಕು. ಅದಕ್ಕೇ ನಾಲ್ಕು ವರ್ಷದಿಂದ ಇದಕ್ಕೆ ಪೌಡರ್ ಹಾಕೋದೊಂದು ಬಾಕಿ, ಎಳೆಕೂಸಿಗೆ ಮಾಡಿದ ಹಾಗೆ ಮಾಡಿದೀರಿ. ಬಿಸಿಲು ಜಾಸ್ತಿಯಾದ್ರೆ ಬಟ್ಟೆ ಕಟ್ಟೋದು, ಬುಡದ ತೆಂಗಿನ ನಾರಿಗೆ ನೀರು ಚಿಮುಕಿಸೋದು. ನಿಮ್ಮ ಮಗಳು ಹೇಳೋಳು, ಅಮ್ಮ ನನ್ನನ್ನೂ ಇಷ್ಟು ಮುದ್ದು ಮಾಡಿಲ್ಲ ಅಂತ…

ಇರಿ, ಸ್ಟೂಲ್ ಎಳ್ಕೊಂಡು ಹತ್ತಿ ನೋಡ್ತೀನಿ. ಎತ್ತರದಲ್ಲಿದೆ… ಹಾಂ, ಕಾಣಿಸ್ತು! ಎಲೆ ಬುಡದಲ್ಲಿ ಒಂದು ಗೊಂಚಲು. ಮೊಗ್ಗು ಸುಮಾರಿವೆ, ಎಳೆ ಬೀನ್ಸ್ ಚುಚ್ಚಿಟ್ಟ ಹಾಗೆ. ಅರಳಿರೋದು ಎರಡು… ಹೌದು ಅತ್ತೆ, ಅರಳಿದಾವೆ, ಸುಳ್ಳು ಯಾಕೆ ಹೇಳ್ಲಿ?…

ಬಣ್ಣನಾ? ಹಸಿರೂ ಅಲ್ಲ, ಹಳದೀನೂ ಅಲ್ಲ. ನಡುವಿಂದು. ಐದು ಎಸಳು ಹಿಂದಕ್ಕೆ ಬಿಚ್ಕೊಂಡಿವೆ, ಮಧ್ಯೆ ಒಂದು ತುತ್ತೂರಿ. ತುತ್ತೂರಿ ಬಾಯಿಗೆ ಸಣ್ಣ ಜಾಲರಿ ಬೇರೆ. ಚೆನ್ನಾಗಿದೆ. ನೋಡಿದ್ರೆ ಆರ್ಕಿಡ್ ಅಂತಾರಲ್ಲ, ಆ ಥರ… ಆರ್ಕಿಡ್ಡೇನಾ? ನೋಡಿ, ನನಗೂ ಸ್ವಲ್ಪ ಗೊತ್ತಾಗುತ್ತೆ… ವಾಸನೆ? ಮೂಸಿದೆ. ಅಂಥ ವಾಸನೆ ಏನೂ ಇಲ್ವಲ್ಲ! ವೆನಿಲಾ ಅಂತೀರಿ…

ಓಹೋ. ವಾಸನೆ ಕಾಯಿಗೆ ಬರೋದು, ಅದೂ ಹದ ಮಾಡಿದ ಮೇಲೆ. ಸರಿ…

ಅತ್ತೆ, ಇಲ್ಲಿ ಹತ್ತಿದ ಮೇಲೆ ಇನ್ನೊಂದು ಕಾಣಿಸ್ತಿದೆ. ನಾನು ವಾಷಿಂಗ್ ಮೆಷೀನ್ ಪೈಪ್ ಎಳೆಯೋವಾಗ ಅಡ್ಡ ಬಂತು ಅಂತ ತುದಿ ಕತ್ತರಿಸಿದ್ನಲ್ಲ, ಆ ಗುರುತು ಹಾಗೇ ಇದೆ. ಅವತ್ತು ನೀವು ಮುಖ ತಿರುಗಿಸ್ಕೊಂಡೋರು, ಎಷ್ಟೋ ದಿನ ಅವಳ ಮೂಲಕಾನೂ ಮಾತಿಲ್ಲ. ಅದರ ರಸ ತಾಗಿ ನನ್ನ ಮೊಣಕೈವರೆಗೂ ತುರಿಕೆ. ಸಂಜೆ ನೋಡಿದ್ರೆ ಮೇಜಿನ ಮೇಲೆ ಎಣ್ಣೆ ಬಾಟಲಿ. ಯಾರಿಟ್ರು ಅಂತ ಯಾರೂ ಬಾಯಿ ಬಿಡ್ಲಿಲ್ಲ…

ಹಾಂ?… ಏನು?… ಇನ್ನೊಂದು ಸಲ ಹೇಳಿ. ತುದಿ ಕತ್ತರಿಸಿದ್ದಕ್ಕೇ ಹೂ ಬಿಟ್ಟಿರೋದಾ?… ಬೆಳೆಯೋದು ನಿಂತ್ರೆ ಹೂ ಬಿಡೋಕೆ ಮನಸ್ಸು ಮಾಡುತ್ತಾ? ನಿಮಗೆ ಯಾವಾಗ ಗೊತ್ತಾಯ್ತು?… ಮೊಗ್ಗು ಕಂಡಾಗಲೇ? ಮತ್ತೆ ಹೇಳೋದಲ್ವಾ!… ಅತ್ತೆ, ದಯವಿಟ್ಟು ನಿಮ್ಮ ಮಗಳು ಮೇಲೆ ಬಂದ ಮೇಲೆ ಇದನ್ನೇ ಸ್ಪೀಕರ್ ಹಾಕಿ ಹೇಳಿ. ಆ ಸಿಸ್ಟರೂ ಕೇಳ್ಲಿ…

ಆಯ್ತು, ಹಲ್ಲು ಕಿರಿಯಲ್ಲ. ಈಗ ನಾನೇನು ಮಾಡ್ಬೇಕು, ಫೋಟೋ ತೆಗೆದು ಕಳಿಸ್ಲಾ?…

ಹೇಳಿ… ಹಾಂ… ಒಂದೇ ದಿನಾನಾ? ಬೆಳಗಿನ ಜಾವ ಅರಳಿ ಮಧ್ಯಾಹ್ನದೊಳಗೆ ಮುದುಡುತ್ತೆ. ಮತ್ತೆ ಅರಳೋದೇ ಇಲ್ಲ… ಜೇನುನೊಣ ಏನು ಮಾಡ್ತಿದಾವೆ ಹಾಗಾದ್ರೆ?… ಇಲ್ಲಿಯ ನೊಣಕ್ಕೆ ಇದರ ಬಾಗಿಲು ತೆಗೆಯೋಕೆ ಬರಲ್ವಾ. ಇದರ ಹುಟ್ಟೂರಿನ ನೊಣಾನೇ ಆಗ್ಬೇಕಾ. ಅಬ್ಬಾ, ಏನು ಬಿಗುಮಾನ! ಮತ್ತೆ ಯಾರು ತೆಗೀಬೇಕು ಬಾಗಿಲು?…

ನಾನಾ?…

ಅತ್ತೆ, ನನ್ನ ಬೆರಳು ನೋಡಿದೀರಾ? ಒಂದೊಂದೂ ಒಂದೊಂದು ಬಾಳೆಕಾಯಿ. ಹೂವು ನೋಡಿದ್ರೆ ಉಸಿರು ಬಿಟ್ರೆ ಉದುರೋ ಹಾಗಿದೆ. ಪಕ್ಕದ ಮನೆ ಟೀಚರನ್ನ ಕರೀಲಾ? ಅವರು ಕಸೂತಿ ಎಲ್ಲಾ ಹಾಕ್ತಾರೆ… ಬೇಡ್ವಾ? ಯಾಕೆ?…

ಯಾವಾಗ?… ಬೇಕರಿ ಫ್ರಿಜ್ ಕೆಟ್ಟಾಗ? ಅವತ್ತು ನೀವು ಬಾಗಿಲ ಹತ್ರ ನಿಂತು ನೋಡ್ತಿದ್ರಾ?… ಹೌದು, ಆ ತಾಮ್ರದ ಪೈಪು ತುಂಬ ಸಣ್ಣದು, ದಪ್ಪ ಸೂಜಿ ಥರ. ಬೆಸುಗೆ ಹಾಕೋವಾಗ ಬೆಂಕಿ ಒಂಚೂರು ಜಾಸ್ತಿಯಾದ್ರೂ ತೂತು ಮುಚ್ಕೊಂಡು ಬಿಡುತ್ತೆ… ಕೈ ನಡುಗ್ಲಿಲ್ವಾ? ನಾನು ಗಮನಿಸಿರ್ಲಿಲ್ಲ. ನೀವು ಗಮನಿಸಿದ್ರಾ…

ಸರಿ, ಟೀಚರು ಬೇಡ, ನಾನೇ ಮಾಡ್ತೀನಿ. ಹೇಳಿ, ಏನು ಬೇಕು?…

ಹಲ್ಲುಕಡ್ಡಿ. ಇದೆ, ಅಡುಗೆಮನೇಲಿ ಇದೆ. ತಂದೆ… ಸೋಪು ಹಾಕಿ ಕೈ ತೊಳ್ಕೊಂಡೆ, ಉಗುರಲ್ಲಿ ಗ್ರೀಸ್ ಇಲ್ಲ, ನಿಮ್ಮಾಣೆ. ಫೋನ್ ಸ್ಪೀಕರ್ ಹಾಕಿ ಅಂಗಿ ಜೇಬಿಗೆ ಇಟ್ಕೊಂಡಿದೀನಿ. ಕೇಳಿಸ್ತಿದೆಯಾ? ಹೇಳ್ತಾ ಹೋಗಿ…

ಎಡಗೈಯಲ್ಲಿ ಹೂ. ಹಿಂದಿನಿಂದ ಮೆಲ್ಲಗೆ ಹಿಡಿದೆ… ಕಡ್ಡಿಯಿಂದ ತುತ್ತೂರಿನ ಪಕ್ಕದಲ್ಲಿ ಉದ್ದಕ್ಕೆ ಸೀಳ್ಬೇಕು… ಸೀಳಿದೆ. ಅಯ್ಯೋ ಪಾಪ… ಒಳಗೆ? ಒಳಗೆ ಒಂದು ಕಂಬ ಇದೆ. ಕಂಬದ ತುದೀಲಿ ಹಳದಿ ಹಿಟ್ಟಿನ ಉಂಡೆ. ಅದು ಗಂಡು. ಅದರ ಕೆಳಗೆ ಅಂಟಂಟಾಗಿ ಒಂದು ಗುಳಿ, ಅದು ಹೆಣ್ಣು. ಒಂದೇ ಹೂವಲ್ಲಿ ಇಬ್ಬರೂ ಇದಾರಾ? ಮತ್ತೆ ಇವರಿಗೆ ಏನು ಕಷ್ಟ?…

ನಡುವೆ ಒಂದು ಪರದೆ. ಹೌದು, ಇದೆ, ಸಣ್ಣ ನಾಲಿಗೆ ಹಾಗೆ ಅಡ್ಡ ಕೂತಿದೆ. ಗಂಡ ಹೆಂಡತಿ ಒಂದೇ ಮನೇಲಿದ್ರೂ ನಡುವೆ ಅತ್ತೆ ಕೂತ ಹಾಗೆ…

ಏನೂ ಹೇಳ್ಲಿಲ್ಲ! ಏನೂ ಇಲ್ಲ ಅತ್ತೆ, ಬಳ್ಳಿ ಹತ್ರ ಮಾತಾಡ್ತಿದ್ದೆ…

ಸರಿ. ಕಡ್ಡಿಯಿಂದ ಪರದೆ ಮೇಲಕ್ಕೆತ್ಬೇಕು. ಎತ್ತಿ, ಹೆಬ್ಬೆರಳಿಂದ ಹಿಟ್ಟಿನ ಉಂಡೆನ ಗುಳಿಗೆ ಒತ್ಬೇಕು. ಮೆಲ್ಲಗೆ. ಎತ್ತಿದೆ… ಒತ್ತ್…

…

ಹಾಂ? ಇಲ್ಲ, ಇದೀನಿ…

ಆಯ್ತಾ ಅಂದ್ರೆ… ಅತ್ತೆ, ನೀವು ಈಗ ಗಾಬರಿಯಾಗೋ ಹಾಗಿಲ್ಲ ಅಲ್ವಾ, ಬಿಪಿ ಏರಬಾರ್ದು ಅಂದಿದಾರೆ ಅಲ್ವಾ… ಕಂಬ ಮುರೀತು. ಬುಡದಿಂದ ಟಕ್ ಅಂತು. ನನ್ನ ಕೈಯಲ್ಲಿದೆ…

ಅತ್ತೆ?… ಹಲೋ?… ಮಾತಾಡಿ ಅತ್ತೆ. ಬೈಯ್ರಿ ಬೇಕಾದ್ರೆ. ನಾನು ಹೇಳಿದ್ನಲ್ಲ, ಟೀಚರನ್ನ ಕರೀತೀನಿ ಅಂತ. ನಾಲ್ಕು ವರ್ಷ ಕಾದಿದ್ದು ನನ್ನ ಕೈಲಿ ಕೊಟ್ಟು…

ಹಾಂ. ಹಾಂ. ಹೌದು, ಇನ್ನೊಂದಿದೆ… ಇಲ್ಲ, ನನ್ನಿಂದಾಗಲ್ಲ… ಅತ್ತೆ, ನೀವು ಹಾಗೆಲ್ಲ ಹೇಳ್ಬೇಡಿ…

ನೀವು ಮಾಡಿದ ಮೊದಲನೇ ಕೇಕಾ?… ಕಲ್ಲಾಗಿತ್ತಾ? ಬಾಗಿಲಿಗೆ ಅಡ್ಡ ಇಡ್ಬಹುದಾಗಿತ್ತಾ!… ಅಯ್ಯೋ, ಮಾವನೋರು ಅದನ್ನೂ ಚಹಾದಲ್ಲಿ ನೆನೆಸಿ ತಿಂದ್ರಾ? ದೊಡ್ಡ ಮನುಷ್ಯರು. ನಾನಾಗಿದ್ರೆ ನಿಮ್ಮ ಮಗಳ ಕೇಕು… ಬೇಡ ಬಿಡಿ, ಅವಳು ಬಂದ್ಬಿಟ್ರೆ ಕಷ್ಟ…

ಸರಿ. ನಕ್ಕಿದ್ದು ಒಳ್ಳೇದಾಯ್ತು, ಕೈ ಹಗುರಾಯ್ತು. ಎರಡನೇದು ಹಿಡಿದೆ. ನೀವು ಮಾತಾಡ್ಬೇಡಿ ಈಗ. ಇಲ್ಲ, ಮಾತಾಡಿ. ನಿಧಾನಕ್ಕೆ ಮಾತಾಡಿ, ನಾನೂ ನಿಧಾನಕ್ಕೆ ಮಾಡ್ತೀನಿ…

ಸೀಳಿದೆ… ಹಾಂ. ಪರದೆ ಕೆಳಗೆ ಕಡ್ಡಿ ತೂರಿಸ್ದೆ… ಎತ್ತಿದೆ, ನಿಂತ್ಕೊಂಡಿದೆ… ಹೆಬ್ಬೆರಳು ಇಟ್ಟೆ. ಬೆಸುಗೆ ಹಾಕೋವಾಗ ನಾನು ಉಸಿರು ಹಿಡೀತೀನಿ ಅತ್ತೆ, ಸ್ವಲ್ಪ ಇರಿ…

…

ಅಂಟ್ಕೊಂಡಿತು. ಅತ್ತೆ, ಅಂಟ್ಕೊಂಡಿತು! ಹಳದಿ ಉಂಡೆ ಗುಳಿಯೊಳಗೆ ಕೂತಿದೆ. ಕಡ್ಡಿ ಹೊರಗೆ ಎಳೆದೆ, ಕಂಬ ನೆಟ್ಟಗಿದೆ. ಏನೂ ಮುರಿದಿಲ್ಲ… ನಿಜವಾಗ್ಲೂ. ನೋಡ್ತಾನೇ ಇದೀನಿ…

ಥೂ, ಬೆವರು ನೋಡಿ ಹೇಗೆ ಇಳೀತಿದೆ. ಇಡೀ ಲಾರಿ ಫ್ರಿಜ್ ಒಬ್ನೇ ಇಳಿಸಿದ್ರೂ ಇಷ್ಟು ಬೆವರಲ್ಲ…

ಗೊತ್ತಾಗೋದು ಹೇಗೆ ಮತ್ತೆ?… ನಾಳೆ. ಕೂಡಿದ್ರೆ ಗಿಡದಲ್ಲೇ ನಿಲ್ಲುತ್ತೆ, ಇಲ್ಲಾಂದ್ರೆ ಉದುರುತ್ತೆ. ಸರಿ. ನಿಂತ್ರೆ ಕಾಯಿ ಎಷ್ಟು ದಿನಕ್ಕೆ?… ಒಂಬತ್ತು ತಿಂಗಳಾ! ಅಂದ್ರೆ ಇದು ಬಸುರಿ. ಒಂಬತ್ತು ತಿಂಗಳು ನೀವೇ ಆರೈಕೆ ಮಾಡಿ. ನನಗೆ ಬಯಕೆ ಊಟ ಎಲ್ಲಾ ಮಾಡೋಕೆ ಬರಲ್ಲ…

ಹಾಂ?… ಅತ್ತೆ, ಯಾಕೆ ಇಷ್ಟು ಗಡಿಬಿಡಿ?… ಬಿಸಿನೀರಲ್ಲಿ ಅದ್ದಿ… ಕಂಬಳಿಲಿ ಸುತ್ತಿ ಬೆವರಿಸಿ… ದಿನಾ ಬಿಸಿಲಿಗೆ… ಇದೆಲ್ಲ ಯಾವಾಗಿಂದು ಹೇಳ್ತಿದೀರಿ?… ಕಾಯಿ ಕಿತ್ತ ಮೇಲಿಂದು. ಹದ ಮಾಡೋದು… ಈಗ ಯಾಕೆ ಹೇಳ್ತಿದೀರಿ?…

ಸ್ಟ್ರೆಚರ್ ಬಂತಾ?…

ಇಲ್ಲ ಅತ್ತೆ, ನಾನು ಕೇಳಲ್ಲ. ಕಿವಿ ಮುಚ್ಕೊಂಡೆ. ಬಿಸಿನೀರು ಎಷ್ಟು ಬಿಸಿ, ಎಷ್ಟು ಹೊತ್ತು, ನನಗೆ ಒಂದೂ ಗೊತ್ತಿಲ್ಲ, ಗೊತ್ತಾಗೋದೂ ಬೇಡ. ಈಗ ಕಲ್ತುಬಿಟ್ರೆ ಆಮೇಲೆ ನೀವೇನು ಮಾಡ್ತೀರಿ? ಕಾಯಿ ಕೀಳೋ ದಿನ ನೀವು ಇಲ್ಲಿ ಕುರ್ಚಿ ಹಾಕ್ಕೊಂಡು ಕೂತು, ಅಳಿಯನಿಗೆ ಬುದ್ಧಿ ಇಲ್ಲ ಅಂತ ಬೈತಾ ಹೇಳ್ಕೊಡ್ಬೇಕು. ನೇರವಾಗಿ ಬೈಬೇಕು, ಮಗಳ ಮೂಲಕ ಅಲ್ಲ…

ಹೆದರಿಕೆ ಆಗ್ತಿದೆಯಾ?… ಗೊತ್ತು. ಗೊತ್ತಾಯ್ತು ನನಗೆ, ಹೂವು ಅಂದಾಗಲೇ ಗೊತ್ತಾಯ್ತು… ಆಗುತ್ತೆ ಅತ್ತೆ. ಹೆದರಿಕೆ ಆದ್ರೆ ಆಗ್ಲಿ, ಹೋಗಿ ಬನ್ನಿ. ನಾನು ಇಲ್ಲೇ ಹೂ ಕಾಯ್ತಾ…

ಸಿಸ್ಟರ್? ಸಿಸ್ಟರ್, ಅರ್ಧ ನಿಮಿಷ ಕೊಡಿ, ಅವರಿಗೆ ಒಂದು ಮಾತು… ಹಲೋ? ಹಲೋ?…

*

ಮರುದಿನ ಬೆಳಿಗ್ಗೆ ಅದೇ ನಂಬರಿನಿಂದ ಮತ್ತೆ ಕರೆ ಬಂತು.

*

ಹಲೋ! ಯಾರು, ಸಿಸ್ಟರಾ?… ಹೌದು, ಅವರ ಅಳಿಯಾನೇ. ಏನಾಯ್ತು? ನಿನ್ನೆ ಸಂಜೆ ಐಸಿಯು ಗಾಜಿನಾಚೆಯಿಂದ ನೋಡಿ ಬಂದಾಗ ಎಲ್ಲಾ ಸರಿಯಾಗಿದೆ ಅಂದಿದ್ರಲ್ಲ. ಇನ್ನೂ ಎಚ್ಚರ ಆಗಿಲ್ವಾ? ಹೇಳಿ, ಏನಿದ್ರೂ ಹೇಳಿಬಿಡಿ…

ಎಚ್ಚರ ಆಗಿದೆಯಾ? ದೇವ್ರೇ. ಸದ್ಯ… ಮತ್ತೇನು?… ಗಂಟಲಲ್ಲಿ ಕೊಳವೆ ಇದೆ, ಮಾತಾಡೋಕಾಗಲ್ಲ. ಸರಿ. ಕೈಸನ್ನೆ ಮಾಡ್ತಿದಾರೆ. ನಿಮಗ್ಯಾರಿಗೂ ಅರ್ಥ ಆಗ್ತಿಲ್ಲ… ನೀರು ಬೇಕಾ ಅಂದ್ರೆ ತಲೆ ಅಲ್ಲಾಡಿಸ್ತಾರೆ, ಹೊದಿಕೆ ಸರಿ ಮಾಡಿದ್ರೂ ಅಲ್ಲ ಅಂತಾರೆ. ಹೇಗೆ ಸನ್ನೆ ಮಾಡ್ತಿದಾರೆ?… ಕೈ ಮೇಲೆತ್ತಿ, ಬೆರಳೆಲ್ಲ ಕೆಳಗೆ ಬಿಟ್ಟು… ಏನೋ ಉದುರಿದ ಹಾಗೆ…

ಹ್ಹಹ್ಹಹ್ಹ! ಇಲ್ಲ ಸಿಸ್ಟರ್, ನನಗೆ ತಲೆ ಕೆಟ್ಟಿಲ್ಲ, ಅವರಿಗೂ ಕೆಟ್ಟಿಲ್ಲ. ಅವರಿಗೆ ಬೇಕಾಗಿರೋದು ನೀರಲ್ಲ. ಆ ಫೋನ್ ಅವರ ಕಿವಿಗೆ ಹಿಡೀರಿ ದಯವಿಟ್ಟು. ನಿಮ್ಮ ಪಕ್ಕದಲ್ಲಿ ನಮ್ಮವಳಿದ್ರೆ ಅವಳ ಕೈಗೆ ಕೊಡಿ, ಅವಳು ಹಿಡ್ಕೋತಾಳೆ…

ಏ, ನೀನು ಅಳ್ಬೇಡ, ಫೋನ್ ನಡುಗುತ್ತೆ. ಅಮ್ಮನ ಕಿವಿಗಿಡು. ಇಟ್ಟೆಯಾ?…

ಅತ್ತೆ. ನಾನು. ಬಿದ್ದಿಲ್ಲ.

ಕೇಳಿಸ್ತಾ? ಬಿದ್ದಿಲ್ಲ ಅತ್ತೆ. ನಾನು ಮುರಿದದ್ದು ಉದುರಿದೆ, ನೆಲದ ಮೇಲಿತ್ತು. ಎರಡನೇದು ಬಾಡಿದೆ, ಮುದುಡಿದೆ, ಆದ್ರೆ ತೊಟ್ಟು ಹಸಿರಾಗಿ ಗಟ್ಟಿಯಾಗಿ ಕಚ್ಕೊಂಡಿದೆ. ಊದಿ ನೋಡಿದೆ. ಅಲ್ಲಾಡ್ತು, ಬೀಳ್ಲಿಲ್ಲ. ಕೂಡಿದೆ…

ಏನು ಮಾಡ್ತಿದಾರೆ ಈಗ? ಕೈ ಇಳಿಸಿದ್ರಾ?… ಕಣ್ಣು ಮುಚ್ಕೊಂಡ್ರಾ? ಯಾಕೆ, ನೋವಾ?… ನಗ್ತಿದಾರಾ! ಕೊಳವೆ ಇಟ್ಕೊಂಡೇ? ನೋಡು, ಹೊಲಿಗೆಗೆ ಏನಾದ್ರೂ ಆದ್ರೆ ನನ್ನ ತಲೆಗೆ ಕಟ್ತಾರೆ ಆ ಸಿಸ್ಟರು…

ಅತ್ತೆ, ನೀವು ಮಾತಾಡೋ ಹಾಗಿಲ್ಲ ತಾನೆ? ಹಾಗಾದ್ರೆ ನಾನೇ ಮಾತಾಡ್ತೀನಿ, ಇಂಥ ಅವಕಾಶ ನನಗೆ ಮತ್ತೆ ಸಿಗಲ್ಲ. ಇವತ್ತು ಇನ್ನೊಂದು ಅರಳಿದೆ. ನಿನ್ನೆಯದಕ್ಕಿಂತ ದೊಡ್ಡದು. ಈಗ ಸ್ಟೂಲ್ ಮೇಲೇ ನಿಂತಿದೀನಿ, ಕೈ ತೊಳ್ಕೊಂಡಿದೀನಿ, ಕಡ್ಡಿ ಬಾಯಲ್ಲಿ ಕಚ್ಕೊಂಡಿದ್ದೆ, ಅಷ್ಟರಲ್ಲಿ ಫೋನು ಬಂತು. ನೀವು ಸುಮ್ನೆ ಲೈನಲ್ಲಿ ಇರಿ, ಸಾಕು. ತಪ್ಪಾದ್ರೆ ಆ ಮಂಚಕ್ಕೆ ಒಂದು ಸಲ ಬಡೀರಿ…

ಎಡಗೈಯಲ್ಲಿ ಹಿಡಿದೆ… ತುತ್ತೂರಿ ಸೀಳಿದೆ… ಬಡೀಲಿಲ್ಲ ಅಲ್ವಾ? ಸರಿ. ಪರದೆ ಎತ್ತಿದೆ, ಅತ್ತೆ. ಈಗ ಹೆಬ್ಬೆರಳು…